ಹೊಳೆಯಾಚೆ ಬೇರೆ ನಿಗಮ

ಸಾರಥಿಯಿಂದ ಹರಿಹರಕ್ಕೆ ಬಂದು, ತುಂಗಭದ್ರೆಯ ಸೇತುವೆ ದಾಟಿದಾಗಲೆಲ್ಲ ನನಗೆ ಒಂದು ಸಂಗತಿ ನೆನಪಾಗುತ್ತದೆ. ಈ ದಡದ ಹರಿಹರ ಡಿಪೊ ಕೆಎಸ್‌ಆರ್‌ಟಿಸಿಯದು. ಆ ದಡದಾಚೆಯ ರಾಣೆಬೆನ್ನೂರು ಡಿಪೊ ವಾಯವ್ಯ ಕರ್ನಾಟಕ ಸಾರಿಗೆಯದು. ಪ್ರಯಾಣಿಕರಿಗೆ ಇದು ಬಸ್ಸಿನ ಮೇಲಿನ ಹೆಸರಿನ ವ್ಯತ್ಯಾಸ ಮಾತ್ರ. ನೌಕರರಿಗೆ ಹಾಗಲ್ಲ.

1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರಿ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳಿಂದ ಆರಂಭವಾಯಿತು. ಇಲಾಖೆ ಎಂದ ಮೇಲೆ ಚಾಲಕನೂ ಸರ್ಕಾರದ ನೌಕರನೇ. 1961ರ ಆಗಸ್ಟ್ 1ರಂದು ಅದು ನಿಗಮವಾಯಿತು. ಕೆಲಸ ಅದೇ, ರಸ್ತೆ ಅದೇ. ಯಜಮಾನ ಮಾತ್ರ ಬದಲಾದ.

ಅಲ್ಲಿಂದ ಸಿಬ್ಬಂದಿ ಶಾಖೆಗೆ ಎರಡು ಮುಖ ಬಂದವು. 1948ರ ಕಾರ್ಖಾನೆ ಕಾಯ್ದೆ 500 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗಳಲ್ಲಿ ಕಲ್ಯಾಣಾಧಿಕಾರಿ ಇರಬೇಕೆಂದಿತು. ಅದು ಕಾಳಜಿಯ ಮುಖ. ನಿಗಮದ 1971ರ ನಡತೆ ಮತ್ತು ಶಿಸ್ತು ನಿಯಮಾವಳಿ ಇನ್ನೊಂದು. ತನಿಖಾ ದಳದವರು ನಿರ್ವಾಹಕನಿಗೆ ಮೆಮೊ ಕೊಟ್ಟರೆ ಆರೋಪಪತ್ರ, ವಿಚಾರಣೆ, ಶಿಕ್ಷೆ ಎಂದು ಕಡತ ಬೆಳೆಯುತ್ತಿತ್ತು. ಹೆಚ್ಚಿನ ನೌಕರರಿಗೆ ಆಫೀಸೆಂದರೆ ಆ ಕಡತವೇ.

1997ರ ನವೆಂಬರ್‌ನಲ್ಲಿ ವಾಯವ್ಯ ನಿಗಮ ಬೇರೆಯಾಯಿತು. ಗಂಡ ಹರಿಹರದಲ್ಲಿ, ಹೆಂಡತಿ ರಾಣೆಬೆನ್ನೂರಿನಲ್ಲಿ ದುಡಿಯುತ್ತಿದ್ದರೆ ಅವರ ನಡುವೆ ಇರುವುದು ಹೊಳೆಯೊಂದೇ ಅಲ್ಲ, ಎರಡು ಆಡಳಿತಗಳು. ಅಂತರ ನಿಗಮ ವರ್ಗಾವಣೆ ನೌಕರರ ದೊಡ್ಡ ಬೇಡಿಕೆಯಾದದ್ದು ಹೀಗೆ.

2021ರ ಏಪ್ರಿಲ್ 7ರಿಂದ ಸುಮಾರು ಎರಡು ವಾರ ಬಸ್ಸುಗಳು ನಿಂತವು. ಆರನೇ ವೇತನ ಆಯೋಗದ ಪ್ರಕಾರ ಸಂಬಳ ಕೊಡಿ, ನಮ್ಮನ್ನೂ ಸರ್ಕಾರಿ ನೌಕರರಂತೆ ಕಾಣಿ ಎಂಬುದು ಬೇಡಿಕೆ. ಅಂದರೆ 1961ರಲ್ಲಿ ಕಳೆದುಕೊಂಡದ್ದನ್ನೇ ಅವರು ಅರವತ್ತು ವರ್ಷಗಳ ನಂತರ ಕೇಳಿದರು. ಸಾವಿರಾರು ಜನರಿಗೆ ಸಿಕ್ಕ ಉತ್ತರ ವಜಾ, ಅಮಾನತು, ವರ್ಗಾವಣೆಯ ಆದೇಶಗಳು. ಆಮೇಲೆ ಹಲವರನ್ನು ವಾಪಸು ಕರೆದುಕೊಂಡರು.

ಈಚೆಗೆ ಕೆಎಸ್‌ಆರ್‌ಟಿಸಿ ನೌಕರರಿಗೆ ಒಂದು ಕೋಟಿ ರೂಪಾಯಿಯ ಅಪಘಾತ ವಿಮೆ ಬಂದಿದೆ; 2025ರಲ್ಲಿ ನಗದುರಹಿತ ಚಿಕಿತ್ಸೆಯೂ ಬಂತು. ಇವು ಸಣ್ಣ ಬದಲಾವಣೆಗಳಲ್ಲ. ಹಾಜರಿ ಬರೆದು ಮೆಮೊ ಕೊಡುತ್ತಿದ್ದ ಶಾಖೆ ನೌಕರನ ಮನೆಯವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದೆ. ಆದರೆ ಸತ್ತಾಗ ಕೋಟಿ ಕೊಡುವ ಸಂಸ್ಥೆ, ಬದುಕಿದ್ದಾಗ ಅವನು ಯಾರ ನೌಕರ ಎಂಬ ಹಳೆಯ ಪ್ರಶ್ನೆಗೆ ಇನ್ನೂ ಉತ್ತರಿಸಬೇಕಾಗಿದೆ.