ಮನೆಮಾತಿಗೆ ಕಿವಿಗೊಟ್ಟ ಸಿನಿಮಾ

1927ರ ‘ದಿ ಜಾಝ್ ಸಿಂಗರ್’ ಎಂದೊಡನೆ ಮಾತು ಕಲಿತ ಮೊದಲ ಕಥಾಚಿತ್ರ ಎಂಬುದು ಎಲ್ಲರಿಗೂ ನೆನಪಾಗುತ್ತದೆ. ವಲಸೆ ಬಂದ ಮನೆಯ ಹುಡುಗನೊಬ್ಬ ಬೆಳೆದು ದೊಡ್ಡವನಾಗುವ ಕಥೆಯೂ ಅದೇ ಎಂಬುದು ಮರೆತುಹೋಗುತ್ತದೆ. ನ್ಯೂಯಾರ್ಕಿನ ಯಹೂದಿ ಕೇರಿಯ ಜಾಕಿಯದು ತಲೆಮಾರುಗಳಿಂದ ಸಿನಗಾಗ್‌ನಲ್ಲಿ ಪ್ರಾರ್ಥನೆ ಹಾಡುತ್ತ ಬಂದ ಮನೆತನ. ಅವನಿಗೋ ಜಾಝ್ ಹುಚ್ಚು. ತಂದೆ ಹೊಡೆಯುತ್ತಾನೆ, ಮಗ ಮನೆ ಬಿಡುತ್ತಾನೆ. ವರ್ಷಗಳ ಮೇಲೆ ಹಿಂದಿರುಗಿ, ಪಿಯಾನೊ ಮುಂದೆ ಕೂತು ಅಮ್ಮನಿಗಾಗಿ ಹಾಡುತ್ತಾನೆ, ನಡುನಡುವೆ ಮುದ್ದಿನಿಂದ ಹರಟುತ್ತಾನೆ. ಅಷ್ಟರಲ್ಲಿ ತಂದೆ ಒಳಗೆ ಬಂದು ‘ನಿಲ್ಲಿಸು’ ಎಂದು ಗುಡುಗುತ್ತಾನೆ. ಆ ಒಂದೇ ಪದಕ್ಕೆ ಧ್ವನಿ ಅಡಗಿ, ಚಿತ್ರ ಮತ್ತೆ ಮೂಕಿಯಾಗುತ್ತದೆ.

ಮುಂದಿನ ಸುಮಾರು ನೂರು ವರ್ಷ ಈ ಬಗೆಯ ಚಿತ್ರಗಳು ನಡೆದುಬಂದದ್ದು ಆ ಮೌನವನ್ನು ದಾಟುವ ದಾರಿಯಲ್ಲಿ. ಅಪ್ಪ ಅಮ್ಮ ಗದರಿಸುವ ಗೋಡೆಗಳಲ್ಲ, ಅವರಿಗೂ ಒಂದು ಹರೆಯ, ಒಂದು ಕನಸು, ಒಂದು ಸೋಲು ಇತ್ತು ಎಂದು ಮಕ್ಕಳಿಗೆ ಅರಿವಾಗುವ ಗಳಿಗೆಯೇ ಅವರು ನಿಜಕ್ಕೂ ಪ್ರಾಯಕ್ಕೆ ಬರುವ ಗಳಿಗೆ. ಸಿನಿಮಾ ಇದನ್ನು ಕಂಡುಕೊಂಡದ್ದು ನಿಧಾನವಾಗಿ.

ಬೀದಿಯ ಪಾಠ

ಎರಡನೇ ಮಹಾಯುದ್ಧದ ನಂತರ ಕೆರಿಬಿಯನ್ ದ್ವೀಪಗಳಿಂದ, ಭಾರತ ಪಾಕಿಸ್ತಾನಗಳಿಂದ, ಅಲ್ಜೀರಿಯಾದಿಂದ ಬ್ರಿಟನ್ ಮತ್ತು ಫ್ರಾನ್ಸಿಗೆ ಹೋದವರ ಮಕ್ಕಳು 1970ರ ದಶಕಕ್ಕೆ ಹದಿಹರೆಯ ಮುಟ್ಟಿದರು. ಹೊರೇಸ್ ಓವೆ ನಿರ್ದೇಶಿಸಿದ, ಕಾದಂಬರಿಕಾರ ಸ್ಯಾಮುಯೆಲ್ ಸೆಲ್ವನ್ ಜೊತೆಗೂಡಿ ಬರೆದ ‘ಪ್ರೆಷರ್’ ಬಂದದ್ದು ಆಗ, 1976ರಲ್ಲಿ. ಅಣ್ಣ ಹುಟ್ಟಿದ್ದು ಟ್ರಿನಿಡಾಡಿನಲ್ಲಿ, ತಮ್ಮ ಟೋನಿ ಲಂಡನ್ನಿನಲ್ಲಿ. ತಮ್ಮನ ನಡೆ, ನುಡಿ, ಊಟ ಎಲ್ಲವೂ ಇಂಗ್ಲಿಷರದು. ಚೆನ್ನಾಗಿ ಓದಿದವನು. ಆದರೂ ಜೊತೆಗೆ ಓದಿದ ಬಿಳಿಯ ಹುಡುಗರಿಗೆ ಸಿಗುವ ಕೆಲಸ ಅವನಿಗೆ ಸಿಗುವುದಿಲ್ಲ. ಹುಟ್ಟಿದ ಊರೇ ತನ್ನನ್ನು ಹೊರಗಿನವನೆಂದಾಗ ಯಾವ ಊರಿಗೆ ಮರಳುವುದು? ಪೊಲೀಸರ ದೌರ್ಜನ್ಯವನ್ನು ನೇರವಾಗಿ ತೋರಿಸಿದ್ದಕ್ಕೆ ಈ ಚಿತ್ರವನ್ನು ಕೆಲಕಾಲ ತಡೆಹಿಡಿಯಲಾಗಿತ್ತು.

ಫ್ರಾನ್ಸಿನಲ್ಲಿ ಮೆಹ್ದಿ ಶಾರೆಫ್ ತಮ್ಮದೇ ಕಾದಂಬರಿಯನ್ನು 1985ರಲ್ಲಿ ತೆರೆಗೆ ತಂದರು. ಅದರ ಹೆಸರೇ ಒಂದು ಕಥೆ. ‘ಆರ್ಕಿಮಿಡೀಸನ ಪ್ರಮೇಯ’ ಎಂಬ ಫ್ರೆಂಚ್ ಮಾತು ಶಾಲೆಯ ಹುಡುಗನ ಕಿವಿಗೆ ‘ಆರ್ಕಿಮಿಡೀಸನ ಜನಾನಾದಲ್ಲಿ ಚಹಾ’ ಎಂದು ಕೇಳಿಸಿ, ಅವನು ಹಾಗೆಯೇ ಬರೆಯುತ್ತಾನೆ. ಶಾಲೆಗೂ ಈ ಮಕ್ಕಳಿಗೂ ನಡುವೆ ಎಷ್ಟು ದೂರವಿತ್ತು ಎಂಬುದಕ್ಕೆ ಇಷ್ಟು ಸಾಕು.

ಅದೇ ವರ್ಷದ ‘ಮೈ ಬ್ಯೂಟಿಫುಲ್ ಲಾಂಡ್ರೆಟ್’ ಬರೆದವರು ಹನೀಫ್ ಕುರೇಶಿ, ನಿರ್ದೇಶಿಸಿದವರು ಸ್ಟೀಫನ್ ಫ್ರಿಯರ್ಸ್. ಚಾನೆಲ್ ಫೋರ್ ವಾಹಿನಿಗೆಂದು 16 ಎಂಎಂ ಫಿಲ್ಮಿನಲ್ಲಿ ತೆಗೆದ ಈ ಚಿತ್ರ ಚಿತ್ರಮಂದಿರಕ್ಕೂ ಬಂತು, ಚಿತ್ರಕಥೆ ಆಸ್ಕರ್ ನಾಮನಿರ್ದೇಶನ ಪಡೆಯಿತು. ಒಂದು ಕಾಲಕ್ಕೆ ಹೆಸರಾಂತ ಪತ್ರಕರ್ತನಾಗಿದ್ದ ಅಪ್ಪ ಈಗ ಹಾಸಿಗೆ ಹಿಡಿದ ಕುಡುಕ. ಮಗ ಕಾಲೇಜಿಗೆ ಹೋಗಲಿ ಎಂಬುದೊಂದೇ ಅವನ ಆಸೆ. ಮಗನೋ ಚಿಕ್ಕಪ್ಪನ ಲಾಂಡ್ರಿ ನಡೆಸಿ ದುಡ್ಡು ಮಾಡಲು ಹೊರಡುತ್ತಾನೆ. ಹಾಸಿಗೆಯಲ್ಲಿ ಮಲಗಿದ ಆ ತಂದೆ ಗುಡುಗುವುದಿಲ್ಲ, ನೋಯುತ್ತಾನೆ.

ಗುಟ್ಟು, ನಗು, ಮೈದಾನ

1990ರ ದಶಕದಲ್ಲಿ ಕ್ಯಾಮೆರಾ ಬೀದಿಯಿಂದ ಮನೆಯೊಳಗೆ ಬಂತು, ನಗುವನ್ನೂ ತಂದಿತು. ಅಯೂಬ್ ಖಾನ್ ದಿನ್ ತಮ್ಮ ನಾಟಕವನ್ನೇ ಆಧರಿಸಿ ಬರೆದ ‘ಈಸ್ಟ್ ಈಸ್ ಈಸ್ಟ್’ 1999ರಲ್ಲಿ ತೆರೆಕಂಡಿತು. 1971ರ ಸಾಲ್ಫರ್ಡ್. ಕ್ರೈಸ್ತರ ಮೆರವಣಿಗೆಯಲ್ಲಿ ಖಾನ್ ಸಾಹೇಬರ ಮಕ್ಕಳೂ ಶಿಲುಬೆ ಹೊತ್ತು ಸಾಗಿದ್ದಾರೆ. ಮಸೀದಿಯಿಂದ ಅಪ್ಪ ಬೇಗನೆ ಮರಳಿದ ಸುದ್ದಿ ಬರುತ್ತದೆ. ಎಲ್ಲರೂ ಹಿತ್ತಿಲ ಓಣಿಗೆ ನುಗ್ಗಿ, ಎದ್ದುಬಿದ್ದು ಓಡಿ, ಅಪ್ಪನ ಕಣ್ಣು ತಪ್ಪಿಸಿ ಮುಂದಿನ ತಿರುವಿನಲ್ಲಿ ಮತ್ತೆ ಮೆರವಣಿಗೆ ಸೇರಿಕೊಳ್ಳುತ್ತಾರೆ. ಎರಡು ಬಾಳನ್ನು ಒಟ್ಟಿಗೆ ಬಾಳುವ ಮಕ್ಕಳ ಪಾಡೆಲ್ಲ ಈ ಒಂದು ಓಟದಲ್ಲಿದೆ. ಅಪ್ಪನಾಗಿ ಓಂ ಪುರಿ ಕ್ರೂರಿಯೂ ಹೌದು, ಎಲ್ಲ ಕೈತಪ್ಪುತ್ತಿದೆಯೆಂದು ಹೆದರಿದ ಒಂಟಿ ಜೀವವೂ ಹೌದು.

2002ರ ಹೊತ್ತಿಗೆ ಹೆಣ್ಣುಮಕ್ಕಳ ಸರದಿ. ಗುರಿಂದರ್ ಛಡ್ಡಾ ಅವರ ‘ಬೆಂಡ್ ಇಟ್ ಲೈಕ್ ಬೆಕಮ್’ನ ಜೆಸ್‌ಗೆ ಫುಟ್‌ಬಾಲ್ ಜೀವ, ಅಮ್ಮನಿಗೆ ಮಗಳು ದುಂಡಗೆ ಚಪಾತಿ ಮಾಡಬೇಕೆಂಬ ಚಿಂತೆ. ಚಿತ್ರದ ತಿರುಳು ಅಪ್ಪನಲ್ಲಿದೆ. ನೈರೋಬಿಯಲ್ಲಿ ಒಳ್ಳೆಯ ವೇಗದ ಬೌಲರ್ ಆಗಿದ್ದವನನ್ನು ಇಂಗ್ಲೆಂಡಿನ ಕ್ಲಬ್ಬಿನವರು ಪಗಡಿ ಕಂಡು ಗೇಲಿ ಮಾಡಿ ಅಟ್ಟಿದ್ದರು, ಅವನು ಮತ್ತೆ ಚೆಂಡು ಮುಟ್ಟಿರಲಿಲ್ಲ. ಮಗಳನ್ನು ತಡೆದದ್ದು ಆ ಹಳೆಯ ಗಾಯ. ಕೊನೆಗೆ ಆಡಲು ಕಳಿಸುವುದೂ ಅದೇ ಗಾಯ. ಅದೇ ವರ್ಷ ಪೆಟ್ರೀಷಿಯಾ ಕಾರ್ಡೋಸೊ ಅವರ ‘ರಿಯಲ್ ವಿಮೆನ್ ಹ್ಯಾವ್ ಕರ್ವ್ಸ್’ ಲಾಸ್ ಏಂಜಲೀಸಿನ ಮೆಕ್ಸಿಕನ್ ಮನೆಯ ಹುಡುಗಿಯನ್ನು ಗಾರ್ಮೆಂಟ್ ಕಾರ್ಖಾನೆಯ ಸೆಕೆಯಿಂದ ಕಾಲೇಜಿಗೆ ಕಳಿಸಿತು. ಹೊರಡುವ ದಿನ ಅಮ್ಮ ಕೋಣೆಯ ಬಾಗಿಲು ತೆರೆಯುವುದಿಲ್ಲ. ಎಲ್ಲ ಮನೆಯೂ ಕರಗುವುದಿಲ್ಲ ಎಂಬ ಸತ್ಯವನ್ನು ಆ ಚಿತ್ರ ಮುಚ್ಚಿಡಲಿಲ್ಲ.

ಅಜ್ಜಿಯ ಗಂಟು

ಮೀರಾ ನಾಯರ್ ಅವರ ‘ದಿ ನೇಮ್‌ಸೇಕ್’ 2006ರದು, ಝುಂಪಾ ಲಾಹಿರಿ ಅವರ ಕಾದಂಬರಿಯಿಂದ ಬಂದದ್ದು. ಮಗನಿಗೆ ತನ್ನ ‘ಗೊಗೋಲ್’ ಹೆಸರೆಂದರೆ ನಾಚಿಕೆ. ಆ ಹೆಸರಿನ ಹಿಂದೆ ಅಪ್ಪ ಬದುಕಿ ಉಳಿದ ರೈಲು ಅಪಘಾತವೊಂದಿದೆ ಎಂದು ತಿಳಿಯುವಾಗ ತಡವಾಗಿರುತ್ತದೆ. ಹೊಸದಾಗಿ ಅಮೆರಿಕಕ್ಕೆ ಬಂದ ಅಮ್ಮ ಅಲ್ಲಿನ ಅಕ್ಕಿಯ ಸೀರಿಯಲ್‌ಗೆ ಕಡಲೆಬೀಜ, ಖಾರದಪುಡಿ ಬೆರೆಸಿ ತಿನ್ನುವ ದೃಶ್ಯವನ್ನು ನೋಡಿದ ಯಾರಿಗೂ ಅವಳ ಒಂಟಿತನವನ್ನು ಬಿಡಿಸಿ ಹೇಳಬೇಕಿಲ್ಲ.

ಲೀ ಐಸಾಕ್ ಚುಂಗ್ ತಮ್ಮ ಬಾಲ್ಯವನ್ನೇ ನೆನೆದು ಮಾಡಿದ ‘ಮಿನಾರಿ’ಯಲ್ಲಿ ಕೊರಿಯಾದಿಂದ ಅಜ್ಜಿ ಬರುತ್ತಾಳೆ. 1980ರ ದಶಕದ ಅರ್ಕನ್ಸಾ, ಚಕ್ರದ ಮೇಲಿನ ಮನೆ. ಗಂಟು ಬಿಚ್ಚಿ ಖಾರದಪುಡಿ, ಒಣಮೀನು ತೆಗೆದಿಡುತ್ತಿದ್ದಂತೆ ಮಗಳು ಅತ್ತುಬಿಡುತ್ತಾಳೆ. ಮೊಮ್ಮಗನಿಗೆ ಮಾತ್ರ ಈ ಅಜ್ಜಿ ಅಜ್ಜಿಯೇ ಅಲ್ಲ, ಬಿಸ್ಕೆಟ್ ಮಾಡಲೂ ಬರದವಳು. ಅವಳು ತೊರೆಯ ದಂಡೆಯಲ್ಲಿ ಬಿತ್ತಿದ ಮಿನಾರಿ ಸೊಪ್ಪು ಯಾರ ಆರೈಕೆಯೂ ಇಲ್ಲದೆ ಚಿಗುರುತ್ತದೆ. ಈ ಪಾತ್ರಕ್ಕೆ ಯುನ್ ಯೊ ಜಂಗ್ 2021ರಲ್ಲಿ ಆಸ್ಕರ್ ಪಡೆದರು. ಅಮೆರಿಕದಲ್ಲೇ ತಯಾರಾದ ಚಿತ್ರವಾದರೂ ಮಾತು ಹೆಚ್ಚಾಗಿ ಕೊರಿಯನ್ ಎಂಬ ಕಾರಣಕ್ಕೆ ಗೋಲ್ಡನ್ ಗ್ಲೋಬ್ ಅದನ್ನು ವಿದೇಶಿ ಭಾಷೆಯ ವಿಭಾಗಕ್ಕೆ ಸೇರಿಸಿತು. ಅಮೆರಿಕದ ಮನೆಯಲ್ಲಿ ಆಡುವ ಮಾತು ವಿದೇಶಿ ಹೇಗಾದೀತು ಎಂಬ ಚರ್ಚೆಯೆದ್ದದ್ದು ನ್ಯಾಯವೇ.

ಆಮೇಲೆ ಬಂದವರಿಗೆ ಮನೆಮಾತನ್ನು ತೆರೆಗೆ ತರುವ ಅಳುಕೂ ಇಲ್ಲ. ಶಾನ್ ವಾಂಗ್ ಅವರ 2024ರ ‘ದೀದಿ’ 2008ರ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ತೈವಾನಿ ಮನೆಯ ಹುಡುಗನ ಕಥೆ. ಅಜ್ಜಿಯ ಪಾತ್ರದಲ್ಲಿ ನಿರ್ದೇಶಕರ ಸ್ವಂತ ಅಜ್ಜಿಯೇ ಇದ್ದಾರೆ. ಚಿತ್ರ ಬಿಡಿಸುವ ಅಮ್ಮನ ಕೈಗೂಡದ ಆಸೆಗಳನ್ನು ಮಗ ಕೊನೆಗೂ ಕೂತು ಕೇಳುತ್ತಾನೆ.

ಕನ್ನಡದಲ್ಲಿ ನಾಗತಿಹಳ್ಳಿ ಚಂದ್ರಶೇಖರರ 1997ರ ‘ಅಮೆರಿಕ ಅಮೆರಿಕ’ ಕಡಲಾಚೆ ಹೋದವರ, ಇಲ್ಲೇ ಉಳಿದವರ ಕಥೆ ಹೇಳಿತು. ಅಲ್ಲೇ ಹುಟ್ಟಿದ ಮಕ್ಕಳು ಇಂದು ಕನ್ನಡ ಕೂಟಗಳ ವಾರಾಂತ್ಯದ ತರಗತಿಯಲ್ಲಿ ಅಕ್ಷರ ತಿದ್ದುತ್ತಿದ್ದಾರೆ. ಅಜ್ಜಿ ವಿಡಿಯೊ ಕಾಲ್‌ನಲ್ಲಿ ‘ಊಟ ಆಯ್ತಾ ಪುಟ್ಟಿ’ ಎಂದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಮಕ್ಕಳೂ ಇದ್ದಾರೆ. ಅವರಲ್ಲೊಬ್ಬರು ನಾಳೆ ಕ್ಯಾಮೆರಾ ಹಿಡಿದರೆ ನನ್ನದೊಂದು ಆಸೆ ಇದೆ. ಅಜ್ಜಿಯ ಪ್ರಶ್ನೆ ಕನ್ನಡದಲ್ಲೇ ಕೇಳಿಸಲಿ. ತಿಳಿಯದವರಿಗೆ ಕೆಳಗೆ ಸಬ್‌ಟೈಟಲ್ ಇದ್ದರಾಯಿತು.