ದೇಶ ಸುತ್ತುವ ಶಸ್ತ್ರವೈದ್ಯ

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬ ಮಾತನ್ನು ತರಗತಿಯಲ್ಲಿ ನಾನು ಎಷ್ಟು ಸಲ ಹೇಳಿರುವೆನೋ ಲೆಕ್ಕವಿಲ್ಲ. ಕೋಶ ಓದಿದವನನ್ನು ಪರೀಕ್ಷೆಯ ಕಾಗದ ತೂಗಿ ನೋಡುತ್ತದೆ. ದೇಶ ಸುತ್ತಿದವನನ್ನು ತೂಗುವುದು ಹೇಗೆ? ಅಮೆರಿಕದಲ್ಲಿ ಶಸ್ತ್ರವೈದ್ಯರಾಗಬಯಸುವ ವಿದ್ಯಾರ್ಥಿಗಳ ಪಾಲಿಗೆ ಇದು ಬರಿಯ ಗಾದೆಯ ಚಮತ್ಕಾರವಲ್ಲ. ಅವರು ಯಾವ ಊರಿನ ಯಾವ ಆಸ್ಪತ್ರೆಯಲ್ಲಿ ಶಸ್ತ್ರ ಹಿಡಿಯಲು ಕಲಿಯುವರೆಂಬುದಕ್ಕೂ ಅವರು ಸುತ್ತಿದ ಊರುಗಳಿಗೂ ನಿಕಟವಾದ ಸಂಬಂಧವುಂಟು. ಆ ಸಂಬಂಧ ಬೆಳೆದುಬಂದ ಕತೆ ಸ್ವಾರಸ್ಯವಾದುದು.

ಅಲ್ಲಿನ ಕ್ರಮವನ್ನು ಮೊದಲು ತಿಳಿಯೋಣ. ವೈದ್ಯಕೀಯ ಕಾಲೇಜಿನ ನಾಲ್ಕು ವರ್ಷದ ಓದು ಮುಗಿದೊಡನೆ ಯಾರೂ ಶಸ್ತ್ರವೈದ್ಯರಾಗುವುದಿಲ್ಲ. ‘ರೆಸಿಡೆನ್ಸಿ’ ಎಂಬ ಆಸ್ಪತ್ರೆಯ ವಾಸ ಇನ್ನೂ ಬಾಕಿಯಿರುತ್ತದೆ. ಸಾಮಾನ್ಯ ಶಸ್ತ್ರಚಿಕಿತ್ಸೆಗೆ ಅದು ಐದು ವರ್ಷ. ಮಿದುಳು ನರಗಳ ಶಸ್ತ್ರಚಿಕಿತ್ಸೆಗೆ ಏಳು ವರ್ಷ. ಓದಿನ ಕೊನೆಯ ವರ್ಷದಲ್ಲಿ ವಿದ್ಯಾರ್ಥಿ ತನ್ನ ಕಾಲೇಜನ್ನು ಬಿಟ್ಟು, ತಾನು ಸೇರಬಯಸುವ ಬೇರೊಂದು ಆಸ್ಪತ್ರೆಗೆ ನಾಲ್ಕು ವಾರಗಳ ಮಟ್ಟಿಗೆ ಅತಿಥಿಯಾಗಿ ಹೋಗಿ ದುಡಿಯುವ ರೂಢಿಯಿದೆ. ಇದನ್ನು ‘ಅವೇ ರೊಟೇಷನ್’ ಎನ್ನುತ್ತಾರೆ. ಮೂಳೆ, ಮಿದುಳು, ಪ್ಲಾಸ್ಟಿಕ್ ಸರ್ಜರಿ ಮುಂತಾದ ವಿಭಾಗಗಳನ್ನು ಬಯಸುವವರು ಎರಡು ಮೂರು ಕಡೆ ಹೀಗೆ ಹೋಗಿಬರುವುದುಂಟು.

ಗುರುವನ್ನು ಹುಡುಕಿಕೊಂಡು ಹೋಗುವ ಈ ಪದ್ಧತಿ ಹೊಸದೇನಲ್ಲ. 1878ರಲ್ಲಿ ವಿಲಿಯಂ ಹಾಲ್ಸ್ಟೆಡ್ ಎಂಬ ತರುಣ ವೈದ್ಯನು ನ್ಯೂಯಾರ್ಕಿನಿಂದ ಯೂರೋಪಿಗೆ ಹೋದನು. ವಿಯೆನ್ನಾದಲ್ಲಿ ಮಹಾಶಸ್ತ್ರವೈದ್ಯ ಬಿಲ್ರೋತ್ ಹಿರಿಯ ಸಹಾಯಕರನ್ನು ವರ್ಷಗಟ್ಟಲೆ ಜೊತೆಯಲ್ಲಿಟ್ಟುಕೊಂಡು ತಿದ್ದುತ್ತಿದ್ದ ರೀತಿಯನ್ನು ಕಂಡನು. ಜರ್ಮನಿಯ ಆಸ್ಪತ್ರೆಗಳನ್ನೂ ಸುತ್ತಿ 1880ರಲ್ಲಿ ಹಿಂತಿರುಗಿದನು. 1889ರಲ್ಲಿ ಬಾಲ್ಟಿಮೋರಿನಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ತೆರೆದ ಮೇಲೆ, ತಾನು ಕಂಡುಬಂದ ಮಾದರಿಯಲ್ಲಿ ರೆಸಿಡೆನ್ಸಿಯನ್ನು ಅಲ್ಲಿ ಬೆಳೆಸಿದನು. ಅಮೆರಿಕದ ಶಸ್ತ್ರವೈದ್ಯ ಶಿಕ್ಷಣದ ಬುನಾದಿ ಹೀಗೆ ಒಬ್ಬ ಸಂಚಾರಿಯ ಕಣ್ಣುಗಳಿಂದ ಬಿದ್ದಿತೆನ್ನಬಹುದು.

ಮುಂದಿನ ಅಧ್ಯಾಯ ವಿಚಿತ್ರವಾದುದು. ಆಸ್ಪತ್ರೆಗಳು ಹೆಚ್ಚಿದವು; ಹೌಸ್ ಸರ್ಜನ್ನರಾಗಿ ದುಡಿಯುವ ತರುಣರು ಸಾಲದಾದರು. ಒಳ್ಳೆಯ ಹುಡುಗನನ್ನು ಬೇರೆಯವರು ಕರೆದೊಯ್ಯುವ ಮೊದಲೇ ಕೈವಶ ಮಾಡಿಕೊಳ್ಳಬೇಕೆಂದು ಆಸ್ಪತ್ರೆಗಳು ಒಂದರ ಮೇಲೊಂದು ಸ್ಪರ್ಧೆಗಿಳಿದವು. 1940ರ ದಶಕದ ನಡುವಿನ ವೇಳೆಗೆ, ಪದವಿಗೆ ಇನ್ನೂ ಎರಡು ವರ್ಷವಿರುವಾಗಲೇ ನೇಮಕದ ಮಾತು ಮುಗಿಯುತ್ತಿತ್ತು. ಕಾಲೇಜುಗಳು ಇದಕ್ಕೆ ತಡೆ ಹಾಕಿದಾಗ ಮತ್ತೊಂದು ಕಷ್ಟ ತಲೆದೋರಿತು. ಬಂದ ಕರೆಗೆ ಕೆಲವೇ ಗಂಟೆಗಳಲ್ಲಿ ಉತ್ತರ ಕೊಡಬೇಕು, ಇಲ್ಲವೆ ಆ ಸ್ಥಾನ ಕೈತಪ್ಪಿತು!

ಈ ಗೊಂದಲವನ್ನು ತೀರಿಸಲು ಹುಟ್ಟಿದುದೇ ‘ಮ್ಯಾಚ್’. ವಿದ್ಯಾರ್ಥಿಯು ತನಗೆ ಬೇಕಾದ ಆಸ್ಪತ್ರೆಗಳ ಪಟ್ಟಿಯನ್ನೂ, ಆಸ್ಪತ್ರೆಯು ತನಗೆ ಬೇಕಾದ ವಿದ್ಯಾರ್ಥಿಗಳ ಪಟ್ಟಿಯನ್ನೂ ಇಷ್ಟದ ಕ್ರಮದಲ್ಲಿ ಬರೆದು ಕಳಿಸಬೇಕು. ಎರಡನ್ನೂ ಒಂದೇ ಕಡೆ ತಾಳೆ ನೋಡಿ ಜೋಡಿಸುತ್ತಾರೆ. 1951ರಲ್ಲಿ ಮೊದಲು ಸೂಚಿಸಿದ ಲೆಕ್ಕದಲ್ಲಿ, ಕಷ್ಟಸಾಧ್ಯವಾದ ಆಸ್ಪತ್ರೆಯನ್ನು ಮೊದಲು ಬರೆದವನಿಗೆ ನಷ್ಟವಾಗುವ ದೋಷವಿತ್ತು. ವಿದ್ಯಾರ್ಥಿಗಳು ಅದನ್ನು ಕಂಡುಹಿಡಿದು ಪ್ರತಿಭಟಿಸಿದರು. ಅವರ ಮುಂದಾಳುಗಳಲ್ಲಿ ಒಬ್ಬರು ಹಾರ್ವರ್ಡಿನ ಹಾರ್ಡಿ ಹೆಂಡ್ರನ್. ಮುಂದೆ ಅವರೇ ಮಕ್ಕಳ ಶಸ್ತ್ರಚಿಕಿತ್ಸೆಯಲ್ಲಿ ಪ್ರಖ್ಯಾತರಾದರು. ಲೆಕ್ಕವನ್ನು ತಿದ್ದಿ 1952ರಲ್ಲಿ ಮೊದಲ ಮ್ಯಾಚ್ ನಡೆಯಿತು. ಆಗ ಸುಮಾರು 6,000 ವಿದ್ಯಾರ್ಥಿಗಳಿಗೆ 10,400 ಸ್ಥಾನಗಳಿದ್ದವು! ಇಂಥ ಜೋಡಣೆಗಳ ಶಾಸ್ತ್ರವನ್ನು ವಿವೇಚಿಸಿದ ಆಲ್ವಿನ್ ರಾತ್ ಮತ್ತು ಲಾಯ್ಡ್ ಶಾಪ್ಲಿ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಬಂದಿತು.

ಕಾಲಚಕ್ರ ತಿರುಗಿತು. ಇಂದು ಶಸ್ತ್ರಚಿಕಿತ್ಸೆಯ ಬೇಡಿಕೆಯ ವಿಭಾಗಗಳಲ್ಲಿ ಸ್ಥಾನಗಳಿಗಿಂತ ಆಕಾಂಕ್ಷಿಗಳೇ ಹೆಚ್ಚು. ಹಿಂದೆ ಆಸ್ಪತ್ರೆ ಹುಡುಗನನ್ನು ಅಟ್ಟಿಸಿಕೊಂಡು ಹೋಗುತ್ತಿತ್ತು. ಈಗ ಹುಡುಗನೇ ಆಸ್ಪತ್ರೆಯ ಬಾಗಿಲಿಗೆ ಹೋಗುತ್ತಾನೆ. ಮ್ಯಾಚಿನ ಯಂತ್ರ ಪಟ್ಟಿಗಳನ್ನು ಜೋಡಿಸೀತು. ಪಟ್ಟಿಯಲ್ಲಿ ಯಾರ ಹೆಸರನ್ನು ಮೇಲೆ ಬರೆಯಬೇಕೆಂದು ಅದು ಹೇಳಲಾರದು. ಅದನ್ನು ನಿಶ್ಚಯಿಸುವುದರಲ್ಲಿ ಆ ನಾಲ್ಕು ವಾರಗಳಿಗೆ ದೊಡ್ಡ ಪಾಲಿದೆ. ನಸುಕಿನಲ್ಲಿ ಬಂದು ರೋಗಿಗಳನ್ನು ನೋಡಿದನೇ? ತಪ್ಪಾದಾಗ ಒಪ್ಪಿಕೊಂಡನೇ? ದಾದಿಯರೊಡನೆ ಹೇಗೆ ಮಾತನಾಡಿದನು? ಇವು ಅಂಕಪಟ್ಟಿಯಲ್ಲಿ ಕಾಣುವ ಸಂಗತಿಗಳಲ್ಲ. ವಿದ್ಯಾರ್ಥಿಯೂ ಗುರುವನ್ನು ಅಷ್ಟೇ ಪರೀಕ್ಷಿಸುತ್ತಾನೆ. ಹೆಸರು ಕೇಳಿ ಮೋಹಗೊಂಡು ಹೋದವನು, ಅಲ್ಲಿನ ಬಾಳು ತನಗೆ ಒಗ್ಗದೆಂದು ತಿಳಿದು ಆ ಹೆಸರನ್ನು ಪಟ್ಟಿಯ ಕೆಳಕ್ಕೆ ತಳ್ಳುವುದೂ ಉಂಟು.

ಈ ಸಂಚಾರದ ಪ್ರಭಾವ ಎಷ್ಟೆಂಬುದು ಅದು ನಿಂತಾಗ ತಿಳಿಯಿತು. 2020ರಲ್ಲಿ ಕೋವಿಡ್ ಪಿಡುಗು ಹಬ್ಬಿದಾಗ, ತಮ್ಮ ಕಾಲೇಜಿನಲ್ಲಿ ಆ ವಿಭಾಗವೇ ಇಲ್ಲದವರು ಮುಂತಾದ ಕೆಲವರ ಹೊರತು ಉಳಿದವರು ಹೊರಗೆ ಹೋಗಬಾರದೆಂದು ಸಲಹೆ ಹೊರಟಿತು. ಸಂದರ್ಶನಗಳೂ ವಿಡಿಯೋ ಪರದೆಯ ಮೇಲೆ ನಡೆದವು. 2021ರ ಮ್ಯಾಚಿನ ಫಲ ಬಂದಾಗ, ಪ್ಲಾಸ್ಟಿಕ್ ಸರ್ಜರಿ, ಕಿವಿ ಮೂಗು ಗಂಟಲು ಮೊದಲಾದ ವಿಭಾಗಗಳಲ್ಲಿ ತಮ್ಮ ಕಾಲೇಜಿನ ಆಸ್ಪತ್ರೆಯಲ್ಲಿಯೇ ಉಳಿದವರ ಪ್ರಮಾಣ ಹಿಂದಿಗಿಂತ ಏರಿತ್ತು. ಕಂಡ ಮುಖವನ್ನೇ ಆಸ್ಪತ್ರೆ ಆರಿಸಿತು. ಕಂಡ ಮನೆಯನ್ನೇ ವಿದ್ಯಾರ್ಥಿ ಆರಿಸಿದನು. 2022ರ ಜನವರಿಯಿಂದ ಅಲ್ಲಿನ ವೈದ್ಯ ಪರವಾನಗಿಯ ಮೊದಲ ಪರೀಕ್ಷೆಯಲ್ಲಿ ಅಂಕ ಕೊಡುವುದೂ ನಿಂತು, ‘ಪಾಸು’ ‘ಫೇಲು’ ಎಂಬ ಎರಡೇ ಮಾತು ಉಳಿದವು. ಮುಖ ಕಾಣುವ ಆ ನಾಲ್ಕು ವಾರಗಳ ಬೆಲೆ ಇದರಿಂದ ಇನ್ನಷ್ಟು ಏರಿತು.

ಆದರೆ ದೇಶ ಸುತ್ತಲು ದುಡ್ಡು ಬೇಕು. ಪ್ರಯಾಣದ ವೆಚ್ಚ, ಪರಊರಿನ ಬಾಡಿಗೆ, ಊಟ ಇವೆಲ್ಲವೂ ಸಾಮಾನ್ಯವಾಗಿ ವಿದ್ಯಾರ್ಥಿಯ ತಲೆಯ ಮೇಲೆಯೇ ಬೀಳುತ್ತವೆ. ಆ ತಿಂಗಳ ದುಡಿಮೆಗೆ ಸಂಬಳವಿಲ್ಲ. ಉಳ್ಳವರ ಮಗನು ಮೂರು ಊರು ಸುತ್ತಿಯಾನು. ಸಾಲದಲ್ಲಿ ಓದಿದವನು ಒಂದಕ್ಕೇ ನಿಲ್ಲಬೇಕಾದೀತು. ಕೆಲವು ವಿಭಾಗಗಳು ಬಡ ವಿದ್ಯಾರ್ಥಿಗಳಿಗೆ ಸಹಾಯಧನ ಕೊಡುತ್ತಿರುವುದು ಸಂತೋಷದ ಸಂಗತಿ. ಅದು ಎಲ್ಲ ಕಡೆಯೂ ಬೆಳೆಯಬೇಕು.

ನಮ್ಮ ದೇಶದಲ್ಲಿ ಸ್ನಾತಕೋತ್ತರ ವೈದ್ಯ ಸ್ಥಾನಗಳನ್ನು ನೀಟ್ ಪರೀಕ್ಷೆಯ ರ‍್ಯಾಂಕು ಹಂಚುತ್ತದೆ. ಅಲ್ಲಿ ಮುಖ ನೋಡುವವರಿಲ್ಲ. ಆದುದರಿಂದ ಮುಖ ನೋಡಿ ಮಣೆ ಹಾಕುವವರೂ ಇಲ್ಲ. ಬಾಳೆಲ್ಲ ಉತ್ತರಪತ್ರಿಕೆ ತಿದ್ದಿದ ನನಗೆ ಎರಡು ದಾರಿಗಳ ಗುಣವೂ ಕಾಣುತ್ತದೆ, ದೋಷವೂ ಕಾಣುತ್ತದೆ. ಕಾಗದ ಪಕ್ಷಪಾತ ಮಾಡದು. ಆದರೆ ಹುಡುಗನ ಕೈ ನಡುಗುವುದೇ, ಮನಸ್ಸು ಕರಗುವುದೇ ಎಂಬುದನ್ನು ಹೇಳದು. ಅದನ್ನು ಕಾಣಲು ಗುರುವಿನ ಕಣ್ಣೇ ಬೇಕು. ಆ ಕಣ್ಣಿನೆದುರು ನಿಲ್ಲುವ ಅವಕಾಶ ಬಡವನಿಗೂ ಸಮನಾಗಿ ದೊರೆತಾಗ ಮಾತ್ರ ದೇಶ ಸುತ್ತಿದ ಫಲ ನ್ಯಾಯವಾದುದೆನಿಸೀತು.