ಡಯಲಿನ ಮೇಲೆ ಏನು ಬರೆಯಬಹುದು?

ಡೈವ್ ವಾಚಿನ ಡಯಲಿನ ಮೇಲೆ ಅಕ್ಷರಗಳು ಕಡಿಮೆ. ಮೇಲೆ ಕಂಪನಿಯ ಹೆಸರು, ನಡುವಿನ ಕೆಳಗೆ ‘ಆಟೊಮ್ಯಾಟಿಕ್’ ಎಂಬ ಮಾತು, ಅದರಡಿ 200 ಮೀಟರ್ ಎಂದೋ 100 ಮೀಟರ್ ಎಂದೋ ಒಂದು ಆಳ, ಆರರ ಗುರುತಿನ ಬುಡದಲ್ಲಿ ಕಣ್ಣು ಕಿರಿದು ಮಾಡಿ ಓದಬೇಕಾದ ದೇಶದ ಹೆಸರು. ಶಾಸನ ಓದುವ ಅಭ್ಯಾಸವಿದ್ದವರಿಗೆ ಇದು ಪರಿಚಿತವಾದ ರಚನೆ ಅನ್ನಿಸೀತು: ಕೊಟ್ಟವರು ಯಾರು, ಕೊಟ್ಟದ್ದೇನು, ಎಷ್ಟರವರೆಗೆ, ಯಾವ ನೆಲದಿಂದ. ನಾಲ್ಕೇ ಸಾಲು. ನಾಲ್ಕೂ ಒಂದೊಂದು ಹೇಳಿಕೆ, ನಾಲ್ಕೂ ಸುಳ್ಳಾಗಬಲ್ಲವು.

ಇದನ್ನು ಯೋಚಿಸಲು ಕಾರಣ, ಕೆಲವು ವರ್ಷಗಳಿಂದ ಜಗತ್ತಿನಾದ್ಯಂತ ಬೆಳೆದಿರುವ ಒಂದು ಹವ್ಯಾಸ. ಜಪಾನಿನ ಸೈಕೊ ಕಂಪನಿ 1996ರಲ್ಲಿ ಎಸ್‌ಕೆಎಕ್ಸ್ 007 ಎಂಬ ಅಗ್ಗದ, ಗಟ್ಟಿಮುಟ್ಟಾದ ಡೈವ್ ವಾಚನ್ನು ತಂದಿತು. ಅದರ ಅಳತೆಗಳನ್ನೇ ಹಿಡಿದು ಬೇರೆಯವರು ಕೇಸು, ಡಯಲು, ಮುಳ್ಳು, ಗಾಜು, ತಿರುಗುವ ಬಳೆ ಎಲ್ಲವನ್ನೂ ಬಿಡಿಬಿಡಿಯಾಗಿ ತಯಾರಿಸತೊಡಗಿದರು. ಒಳಗಿನ ಮಷಿನನ್ನು ಸೈಕೊ ಬಳಗವೇ ಎನ್‌ಎಚ್ 35 ಎಂಬ ಹೆಸರಿನಲ್ಲಿ ಹೊರಗಿನವರಿಗೂ ಮಾರುತ್ತದೆ: 24 ಕಲ್ಲು, ಗಂಟೆಗೆ 21,600 ಬಡಿತ, ಪೂರ್ತಿ ಕೀ ಇದ್ದರೆ 41 ಗಂಟೆ ಓಟ. ಇವನ್ನೆಲ್ಲ ತರಿಸಿಕೊಂಡರೆ ಮೇಜಿನ ಮೇಲೆ ಒಂದು ರಜಾದಿನದಲ್ಲಿ 1960ರ ದಶಕದ್ದೆಂದೇ ಕಾಣುವ ವಾಚು ಸಿದ್ಧ. ಕಟ್ಟಿಕೊಳ್ಳುವುದರಲ್ಲಿ ತಕರಾರಿಲ್ಲ. ಮಾರುವಾಗ ಮಾತ್ರ ಪ್ರಶ್ನೆ ಏಳುತ್ತದೆ: ಇದನ್ನು ಏನೆಂದು ಕರೆಯುವುದು? ಬಿಡಿಭಾಗದ್ದು ಎಂದ ಮೇಲೆ ನಕಲಿಯೇ ಎಂದು ಒಂದು ಪಕ್ಷ. ಓಡುತ್ತದೆ, ಚೆನ್ನಾಗಿದೆ, ಇನ್ನೇನು ಬೇಕು ಎಂದು ಇನ್ನೊಂದು ಪಕ್ಷ. ಎರಡೂ ಪಕ್ಷಗಳು ಈ ವಸ್ತುವಿನ ಚರಿತ್ರೆಯನ್ನು ಓದಿಲ್ಲ ಅನ್ನುವುದು ನನ್ನ ಅನುಮಾನ.

ಚರಿತ್ರೆ ಶುರುವಾಗುವುದು ಉಸಿರಿನಿಂದ. 1943ರಲ್ಲಿ ಜಾಕ್ ಕುಸ್ತೊ ಮತ್ತು ಎಮಿಲ್ ಗಾನ್ಯಾ ಬೆನ್ನಿಗೆ ಕಟ್ಟಿಕೊಳ್ಳುವ ಗಾಳಿಯ ಸಿಲಿಂಡರಿಗೆ ಬೇಕಾದ ನಿಯಂತ್ರಕವನ್ನು ರೂಪಿಸಿದರು. ಮನುಷ್ಯ ಹಡಗಿಗೆ ಕೊಳವೆಯಿಂದ ಕಟ್ಟಿಹಾಕಿಸಿಕೊಳ್ಳದೆ ನೀರೊಳಗೆ ಸಲೀಸಾಗಿ ಓಡಾಡಿದ. ಆದರೆ ಸಿಲಿಂಡರಿನ ಗಾಳಿ ಲೆಕ್ಕದ್ದು. ಎಷ್ಟು ಹೊತ್ತಾಯಿತು ಎನ್ನುವುದು ಕುತೂಹಲದ ವಿಷಯವಾಗಿ ಉಳಿಯಲಿಲ್ಲ, ಪ್ರಾಣದ ವಿಷಯವಾಯಿತು. ಬ್ಲಾಂಪಾನ್ ಕಂಪನಿಯ ಮುಖ್ಯಸ್ಥ ಜಾನ್-ಜಾಕ್ ಫಿಶ್ಟರ್ ಸ್ವತಃ ಮುಳುಗುಗಾರ. ದಕ್ಷಿಣ ಫ್ರಾನ್ಸಿನ ಸಮುದ್ರದಲ್ಲಿ ಹೊತ್ತಿನ ಪರಿವೆ ತಪ್ಪಿ ಗಾಳಿ ಮುಗಿಯುವವರೆಗೆ ಕೆಳಗಿದ್ದ ಅನುಭವ ಅವನಿಗಿತ್ತು. ಫ್ರೆಂಚ್ ನೌಕಾಪಡೆಯ ಈಜುಯೋಧರಿಗಾಗಿ ವಾಚು ಹುಡುಕುತ್ತಿದ್ದ ರೊಬೆರ್ ಮಲೂಬಿಯೆ ಮತ್ತು ಕ್ಲೋದ್ ರಿಫೊ ಅವನನ್ನು ತಲುಪಿದರು. 1953ರಲ್ಲಿ ಬಂದ ‘ಫಿಫ್ಟಿ ಫ್ಯಾದಮ್ಸ್’ ವಾಚಿಗೆ ಹೆಸರೇ ಆಳ. ಐವತ್ತು ಫ್ಯಾದಮ್ ಎಂದರೆ ಸುಮಾರು 91 ಮೀಟರ್. ಅದೇ ವರ್ಷ ರೋಲೆಕ್ಸ್ ತನ್ನ ಸಬ್‌ಮರೀನರನ್ನು ರೂಪಿಸಿ, ಮರುವರ್ಷ ಬಾಸೆಲ್ ಮೇಳದಲ್ಲಿ ತೋರಿಸಿತು. ಸೈಕೊದ ಮೊದಲ ಡೈವ್ ವಾಚು ಬಂದದ್ದು 1965ರಲ್ಲಿ, 150 ಮೀಟರಿನ ಮಾತು ಕೊಟ್ಟು.

ಗಾಜಿನ ಸುತ್ತ ಇರುವ ತಿರುಗುಬಳೆಯನ್ನು ಈಗ ಅಂದಕ್ಕೆ ಇಟ್ಟದ್ದೆಂದು ತಿಳಿಯುವವರೇ ಹೆಚ್ಚು. ಅದರ ಕೆಲಸ ಸರಳ. ನೀರಿಗಿಳಿಯುವಾಗ ಬಳೆಯ ಸೊನ್ನೆಯನ್ನು ನಿಮಿಷದ ಮುಳ್ಳಿನ ಎದುರಿಗೆ ತಂದಿಟ್ಟರೆ, ಮುಂದೆ ಮುಳ್ಳು ತೋರುವ ಅಂಕಿಯೇ ಕಳೆದ ನಿಮಿಷಗಳು. ಇಂದಿನ ಡೈವ್ ವಾಚುಗಳಲ್ಲಿ ಬಳೆ ಎಡಕ್ಕೆ ಮಾತ್ರ ತಿರುಗುತ್ತದೆ, ಬಲಕ್ಕಿಲ್ಲ. ಬಂಡೆಗೆ ತಗುಲಿ ಅದು ಜರುಗಿದರೂ ಕಳೆದ ಹೊತ್ತು ಹೆಚ್ಚೆಂದು ತೋರಬೇಕೇ ಹೊರತು ಕಡಿಮೆಯೆಂದು ತೋರಬಾರದು. ತಪ್ಪಾದರೂ ಬದುಕುವ ಕಡೆಗೇ ತಪ್ಪಾಗಲಿ ಎಂದು ಒಂದು ಯಂತ್ರವನ್ನು ಹೀಗೆ ಕಟ್ಟಿದ್ದು ನನಗೆ ಬಹಳ ಇಷ್ಟವಾದ ಸಂಗತಿ.

ಇನ್ನು ಬಿಡಿಭಾಗದ ಕಳಂಕ. ಸ್ವಿಸ್ ವಾಚು ಎಂದರೆ ಒಂದೇ ಮನೆಯಲ್ಲಿ ಒಬ್ಬ ಕುಶಲಿ ಮಾಡಿದ್ದು ಎಂಬುದು ಜಾಹೀರಾತಿನವರ ಕಥೆ. ಜುರಾ ಬೆಟ್ಟಗಳಲ್ಲಿ ಚಳಿಗಾಲದಲ್ಲಿ ಹಿಮ ಬಿದ್ದು ಹೊಲದ ಕೆಲಸ ನಿಂತಾಗ ಒಂದು ಮನೆಯವರು ಚಕ್ರ ಹಲ್ಲು ಕೊರೆದರು, ಇನ್ನೊಂದು ಮನೆಯವರು ಸ್ಪ್ರಿಂಗು ಮಾಡಿದರು, ಮತ್ತೊಬ್ಬರು ಮುಳ್ಳು. ವ್ಯಾಪಾರಿ ಎಲ್ಲವನ್ನೂ ಕೂಡಿಸಿ ಜೋಡಿಸಿ ತನ್ನ ಹೆಸರು ಬರೆಸುತ್ತಿದ್ದ. ಮಾರ್ಕ್ಸ್ ‘ಬಂಡವಾಳ’ದ ಮೊದಲ ಸಂಪುಟದಲ್ಲಿ ಶ್ರಮವಿಭಜನೆಯನ್ನು ವಿವರಿಸುವಾಗ ಎತ್ತಿಕೊಳ್ಳುವುದು ಇದೇ ಉದಾಹರಣೆಯನ್ನು. ವಾಚಿಗಾಗಿ ದುಡಿಯುವ ಹತ್ತಾರು ಕಸುಬುಗಳ ಉದ್ದ ಪಟ್ಟಿಯನ್ನೇ ಕೊಡುತ್ತಾನೆ. ಲಾ ಶೋ-ದ-ಫೋಂ ಪಟ್ಟಣವನ್ನು ಇಡಿಯಾಗಿ ಒಂದು ಕಾರ್ಖಾನೆಯಂತೆ ಕಾಣುತ್ತಾನೆ. ಇಪ್ಪತ್ತನೆಯ ಶತಮಾನದಲ್ಲೂ ಕಥೆ ಬದಲಾಗಲಿಲ್ಲ. 1960ರ ದಶಕದ ಎರಡು ಕೀಲಿತಲೆಯ ‘ಸೂಪರ್ ಕಂಪ್ರೆಸರ್’ ಡೈವ್ ವಾಚುಗಳು ಲಾಂಜೀನ್, ಜೇಜರ್-ಲಕೂಲ್ಟ್ರ್, ಎನಿಕಾರ್ ಎಂದು ಬೇರೆ ಬೇರೆ ಹೆಸರಿನಲ್ಲಿ ಮಾರಾಟವಾದವು. ಕೇಸು ಮಾಡಿಕೊಟ್ಟದ್ದು ಮಾತ್ರ ಎರ್ವಿನ್ ಪಿಕರೆ ಎಂಬವನ ಒಂದೇ ಕಂಪನಿ. ರೋಲೆಕ್ಸಿನ ಡೇಟೋನಾದೊಳಗೆ 1988ರಿಂದ 2000ದವರೆಗೆ ಓಡುತ್ತಿದ್ದದ್ದು ಝೆನಿತ್ ಕಂಪನಿಯ ಮಷಿನನ್ನು ಆಧರಿಸಿದ್ದು. ನಮ್ಮ ಬೆಂಗಳೂರಿನ ಎಚ್‌ಎಂಟಿಯೂ 1961ರಲ್ಲಿ ಆರಂಭವಾದದ್ದು ಜಪಾನಿನ ಸಿಟಿಝನ್ ಕಂಪನಿಯ ಸಹಯೋಗದಲ್ಲಿ, ಅಲ್ಲಿಂದ ಬಂದ ಭಾಗಗಳನ್ನು ಇಲ್ಲಿ ಜೋಡಿಸುತ್ತ. ನೆಹರೂ ಬಿಡುಗಡೆ ಮಾಡಿದ ಆ ಮೊದಲ ವಾಚುಗಳನ್ನು ನಕಲಿ ಎಂದವರು ಯಾರೂ ಇಲ್ಲ. ಜೋಡಿಸುವುದು ವಾಚಿನ ಹುಟ್ಟುಗುಣ. ಆದ್ದರಿಂದ ಮೊದಲ ಪಕ್ಷದ ವಾದ ನಿಲ್ಲುವುದಿಲ್ಲ.

ಎರಡನೆಯ ಪಕ್ಷಕ್ಕೆ ಉತ್ತರ ಆಳದ ಅಂಕಿಯಲ್ಲಿದೆ. ಡೈವ್ ವಾಚು ಎನ್ನಬೇಕಾದರೆ ಪೂರೈಸಬೇಕಾದ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 6425. ಕನಿಷ್ಠ 100 ಮೀಟರ್ ತಾಳಬೇಕು, ಕತ್ತಲಲ್ಲಿ 25 ಸೆಂಟಿಮೀಟರ್ ದೂರದಿಂದ ಹೊತ್ತು ಕಾಣಬೇಕು. ಮುಖ್ಯವಾದದ್ದು ಬೇರೆಯೇ ಇದೆ: ಸಾಮಾನ್ಯ ವಾಚಿನಲ್ಲಿ ಒಂದು ರಾಶಿಯಿಂದ ನಾಲ್ಕಾರು ತೆಗೆದು ಪರೀಕ್ಷಿಸಿದರೆ ಸಾಕು, ಡೈವ್ ವಾಚಿನಲ್ಲಿ ಒಂದೊಂದನ್ನೂ ಪರೀಕ್ಷಿಸಬೇಕು, ಹೇಳಿದ ಆಳಕ್ಕಿಂತ ಕಾಲು ಪಾಲು ಹೆಚ್ಚಿನ ಒತ್ತಡದಲ್ಲಿ. 200 ಮೀಟರ್ ಎಂದು ಬರೆದರೆ 250 ಮೀಟರಿನ ಒತ್ತಡ. ಆಮೇಲೆ ವಾಚನ್ನು ಬೆಚ್ಚಗೆ ಮಾಡಿ ಗಾಜಿನ ಮೇಲೆ ತಣ್ಣೀರ ಹನಿ ಇಡುತ್ತಾರೆ. ಒಳಗೆ ಮಂಜು ಕಟ್ಟಿದರೆ ನೀರು ಹೊಕ್ಕಿದೆ ಎಂದರ್ಥ. ಅಂದರೆ ಆ ಅಂಕಿ ಉಕ್ಕಿನ ಗುಣವನ್ನು ಹೇಳುತ್ತಿಲ್ಲ. ಇದೇ ಈ ವಾಚನ್ನು, ಮುಚ್ಚಿದ ಮೇಲೆ, ಯಾರೋ ಪರೀಕ್ಷಿಸಿ ನೋಡಿದ್ದಾರೆ ಎಂದು ಹೇಳುತ್ತಿದೆ. ಬಿಡಿಯಾಗಿ ಕೊಂಡ ಕೇಸಿನ ಬೆನ್ನ ಮೇಲೆ 200 ಮೀಟರ್ ಎಂದು ಕೊರೆದಿರುತ್ತದೆ. ಆದರೆ ಗಾಜು, ಕೀಲಿತಲೆ, ಹಿಂಬದಿಯ ಮುಚ್ಚಳ, ಈ ಮೂರು ಕಡೆಯ ರಬ್ಬರ್ ಉಂಗುರಗಳನ್ನು ಕೂರಿಸಿದ್ದು ಮೇಜಿನ ಮುಂದೆ ಕೂತ ಹವ್ಯಾಸಿ. ಒಂದು ಕೂದಲು ನಡುವೆ ಸಿಕ್ಕಿಕೊಂಡಿದ್ದರೂ ಸಾಕು. ಪರೀಕ್ಷೆ ಆಗುವವರೆಗೆ ಆ ಅಂಕಿ ಬರಿಯ ಕೊರೆತ.

ಆಳದ ಸುಳ್ಳು ಹಾಗಿರಲಿ, ವಯಸ್ಸಿನ ಸುಳ್ಳು ಇನ್ನೂ ಸ್ವಾರಸ್ಯದ್ದು. ಕತ್ತಲಲ್ಲಿ ಹೊಳೆಯಲು ಡಯಲಿಗೆ ಹಚ್ಚುವ ಬಣ್ಣಕ್ಕೆ 1960ರ ದಶಕದವರೆಗೆ ರೇಡಿಯಂ ಬೆರೆಸುತ್ತಿದ್ದರು. ಆಮೇಲೆ ಅಷ್ಟು ಅಪಾಯವಿಲ್ಲದ ಟ್ರಿಟಿಯಂ ಬಂತು; ಹಲವು ಡಯಲುಗಳ ಬುಡದಲ್ಲಿ ‘ಸ್ವಿಸ್’ ಪದದ ಎರಡು ಪಕ್ಕ ‘ಟಿ’ ಅಕ್ಷರ ಕಾಣಿಸುವುದು ಅದಕ್ಕಾಗಿ. ಟ್ರಿಟಿಯಂನ ಅರ್ಧಾಯುಷ್ಯ 12.3 ವರ್ಷ. 1970ರ ವಾಚಿನಲ್ಲಿ ಹೊಳಪು ಈಗ ಬಹುಪಾಲು ಸತ್ತಿರುತ್ತದೆ, ಬಿಳಿಯ ಚುಕ್ಕೆಗಳು ಹಳೆ ಬೆಣ್ಣೆಯ ಬಣ್ಣಕ್ಕೆ ತಿರುಗಿರುತ್ತವೆ. ಆ ಬೆಣ್ಣೆ ಬಣ್ಣಕ್ಕೆ ಸಂಗ್ರಾಹಕರು ಮರುಳಾದ ಮೇಲೆ ಹೊಸ ಡಯಲುಗಳಿಗೂ ಅದೇ ಬಣ್ಣ ಹಚ್ಚಿ ಮಾರತೊಡಗಿದರು. ಆದರೆ ಈಗ ಬಳಸುವುದು 1990ರ ದಶಕದಲ್ಲಿ ಬಂದ ಲೂಮಿನೋವಾ. ಬೆಳಕು ಕುಡಿದು ಕತ್ತಲಲ್ಲಿ ಗಂಟೆಗಟ್ಟಲೆ ಹೊಳೆಯುತ್ತದೆ. ಟಾರ್ಚು ಹಿಡಿದು, ದೀಪ ಆರಿಸಿ ನೋಡಿ. ಮುದುಕನ ಬಣ್ಣದ ಚುಕ್ಕೆ ಹುಡುಗನ ಹಾಗೆ ಹೊಳೆದರೆ ಬಣ್ಣದ ಜಾತಕ ಗೊತ್ತಾಯಿತು.

ನಮ್ಮ ಶಾಸನಶಾಸ್ತ್ರದಲ್ಲಿ ಇದಕ್ಕೊಂದು ಪದವಿದೆ: ಕೂಟಶಾಸನ. ಜೆ. ಎಫ್. ಫ್ಲೀಟ್ ಅವರು ಪಶ್ಚಿಮ ಗಂಗರ ಹಲವು ತಾಮ್ರಪಟಗಳನ್ನು ಕೂಟವೆಂದು ತಳ್ಳಿಹಾಕಿದರು. ಅವರ ಎಲ್ಲ ತೀರ್ಮಾನಗಳನ್ನೂ ಮುಂದಿನ ವಿದ್ವಾಂಸರು ಒಪ್ಪಲಿಲ್ಲ, ಆದರೆ ಕೇಳುವ ಪ್ರಶ್ನೆ ಉಳಿದುಕೊಂಡಿತು: ಶಾಸನ ತನ್ನದೆಂದು ಹೇಳಿಕೊಳ್ಳುವ ಕಾಲಕ್ಕೂ ಅದರ ಲಿಪಿಯ ಕಾಲಕ್ಕೂ ಹೊಂದುತ್ತದೆಯೇ? ಗಮನಿಸಿ, ಕೂಟಶಾಸನದಲ್ಲೂ ತಾಮ್ರ ನಿಜವಾದ ತಾಮ್ರವೇ.

ಇದಕ್ಕೆ ವಾಚಿನ ಲೋಕದ ಅತಿ ದೊಡ್ಡ ನಿದರ್ಶನ ಡೈವ್ ವಾಚಿನದಲ್ಲ, ಒಮೆಗಾ ಸ್ಪೀಡ್‌ಮಾಸ್ಟರಿನದು. 2021ರ ನವೆಂಬರಿನಲ್ಲಿ ಜಿನೀವಾದ ಹರಾಜಿನಲ್ಲಿ 1957ರ ಮಾದರಿಯ ಒಂದು ಸ್ಪೀಡ್‌ಮಾಸ್ಟರ್ 31 ಲಕ್ಷ ಸ್ವಿಸ್ ಫ್ರಾಂಕಿಗೂ ಹೆಚ್ಚಿಗೆ ಹೋಯಿತು. ಕೊಂಡದ್ದು ಒಮೆಗಾ ತನ್ನ ಸ್ವಂತ ಸಂಗ್ರಹಾಲಯಕ್ಕೆ. 2023ರಲ್ಲಿ ಕಂಪನಿಯೇ ಹೇಳಿತು: ಅದು ಬೇರೆ ಬೇರೆ ವಾಚುಗಳ ಭಾಗಗಳನ್ನು ಕೂಡಿಸಿ ಮಾಡಿದ್ದು, ಬಹುಪಾಲು ಭಾಗಗಳು ಅಸಲಿ ಒಮೆಗಾದವೇ, ಇದರಲ್ಲಿ ತನ್ನ ಕೆಲವು ಮಾಜಿ ನೌಕರರ ಕೈಯಿತ್ತು ಎಂದು. ಭಾಗಗಳನ್ನು ಒಂದೊಂದಾಗಿ ಕೇಳಿದ್ದರೆ ಹೆಚ್ಚಿನವು ಸತ್ಯವನ್ನೇ ಹೇಳುತ್ತಿದ್ದವು. ಸುಳ್ಳು ಇದ್ದದ್ದು ಅವು 1957ರಿಂದ ಒಟ್ಟಿಗೇ ಇದ್ದವು ಎನ್ನುವ ಮಾತಿನಲ್ಲಿ.

ಮುಂಬಯಿಯಲ್ಲಿ ಹಳೆ ಡಯಲುಗಳನ್ನು ಕೆರೆದು ಹೊಸದಾಗಿ ಬಣ್ಣ ಬಳಿದು, ಸಿಕ್ಕ ಭಾಗ ಸೇರಿಸಿ ಮಾರುವ ವ್ಯಾಪಾರಕ್ಕೆ ಹೊರದೇಶದ ಸಂಗ್ರಾಹಕರು ‘ಮುಂಬಯಿ ಸ್ಪೆಷಲ್’ ಎಂದು ಹಾಸ್ಯ ಮಾಡುತ್ತಾರೆ. ಆ ಹಾಸ್ಯದಲ್ಲಿ ಸ್ವಲ್ಪ ತಿರಸ್ಕಾರವೂ ಇದೆ, ಅದು ನನಗೆ ಹಿಡಿಸದು. ರಿಪೇರಿಯಿಲ್ಲದೆ ಎಸೆಯುವುದು ಪಾಪ ಎಂದು ತಿಳಿದ ಸಮಾಜದ ಜಾಣತನ ಆ ಕೈಗಳಲ್ಲಿದೆ. 2016ರಲ್ಲಿ ಎಚ್‌ಎಂಟಿ ವಾಚು ಘಟಕಗಳನ್ನು ಮುಚ್ಚುವ ತೀರ್ಮಾನವಾದ ಮೇಲೆ ಕಂಪನಿ ಎಂದೂ ಹಚ್ಚದ ಬಣ್ಣಗಳಲ್ಲಿ ‘ಜನತಾ’ ವಾಚುಗಳು ಕಾಣಿಸುತ್ತಿವೆ. ಓಡುವ ವಾಚು ಉಳಿಯಿತು, ಒಪ್ಪಿದೆ. ಆದರೆ ಕೆರೆದ ಡಯಲು ಅಳಿಸಿದ ಓಲೆಯ ಹಾಗೆ. ಅದರ ಮೂಲ ಪಾಠ ಮತ್ತೆ ಸಿಕ್ಕುವುದಿಲ್ಲ.

ಕನ್ನಡ ಎಂ.ಎ. ಓದಿದವರಿಗೆ ಗ್ರಂಥಸಂಪಾದನೆ ಗೊತ್ತು. ನಾಲ್ಕು ಓಲೆಪ್ರತಿಗಳಿಂದ ಒಂದು ಪಠ್ಯ ಕಟ್ಟುತ್ತಾರೆ. ಆ ಪಠ್ಯ ಹಾಗೆಯೇ ಯಾವ ಓಲೆಯಲ್ಲೂ ಇರಲಿಲ್ಲ. ಅದನ್ನು ಯಾರೂ ಕೂಟ ಎನ್ನುವುದಿಲ್ಲ, ಏಕೆಂದರೆ ಪುಟದ ಬುಡದಲ್ಲಿ ಯಾವ ಪದ ‘ಕ’ ಪ್ರತಿಯದು, ಯಾವುದು ‘ಗ’ ಪ್ರತಿಯದು, ಎಲ್ಲಿ ಸಂಪಾದಕರ ಊಹೆ ಎಂದು ಬರೆದಿರುತ್ತದೆ. ಅಡಿಟಿಪ್ಪಣಿ ತೆಗೆದುಬಿಟ್ಟರೆ ಅದೇ ಪಠ್ಯ ಬೇರೆಯೇ ವಸ್ತುವಾಗುತ್ತದೆ.

ನನ್ನ ಹಾಸ್ಟೆಲಿನ ಗೆಳೆಯನೊಬ್ಬ, ಭೌತಶಾಸ್ತ್ರದ ಸಂಶೋಧಕ, ಫೆಲೋಶಿಪ್ ಹಣ ನಿಂತ ತಿಂಗಳಲ್ಲಿ ತಾನು ಜೋಡಿಸಿದ ವಾಚನ್ನು ಮಾರಲು ಹೊರಟ. ವಿವರ ಬರೆದುಕೊಡು ಎಂದು ನನ್ನ ಬಳಿ ಬಂದ. ಅವನ ಹತ್ತಿರ ಎರಡು ಡಯಲಿದ್ದವು. ಒಂದರ ಮೇಲೆ ಏನೂ ಬರೆದಿರಲಿಲ್ಲ, ಇನ್ನೊಂದರ ಮೇಲೆ ಎಲ್ಲರೂ ಬಲ್ಲ ಒಂದು ಸ್ವಿಸ್ ಹೆಸರಿತ್ತು.

“ಹೆಸರಿರೋದು ಹಾಕಿದ್ರೆ ಮೂರು ಪಟ್ಟು ಬರುತ್ತೆ ಕಣೋ. ಕೊಳ್ಳೋವ್ರಿಗೂ ಗೊತ್ತಿರುತ್ತೆ ಅಸಲಿ ಅಲ್ಲ ಅಂತ.”

“ಅವ್ನಿಗೆ ಗೊತ್ತಿರುತ್ತಪ್ಪ. ಅವನ ಹತ್ರ ಕೊಳ್ಳೋ ಮುಂದಿನವ್ನಿಗೆ?”

1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲಿ ಇದಕ್ಕೆ ಜೈಲು ಶಿಕ್ಷೆಯೂ ಇದೆ ಎಂದೆ. ಅವನನ್ನು ಒಪ್ಪಿಸಿದ್ದು ಕಾಯ್ದೆಯೋ ಮುಂದಿನವನೋ ತಿಳಿಯದು, ಖಾಲಿ ಡಯಲನ್ನೇ ಕೂರಿಸಿದ. ಒಟ್ಟು ಖರ್ಚು ಒಂಬತ್ತು ಸಾವಿರ ಚಿಲ್ಲರೆಯಾಗಿತ್ತು, ಹನ್ನೊಂದಕ್ಕೆ ಇಟ್ಟ. ವಿವರವನ್ನು ಹೀಗೆ ಬರೆದೆವು: ಮಷಿನು ಜಪಾನಿನದು, ಎನ್‌ಎಚ್ 35, ಹೊಸದು. ಕೇಸು, ಮುಳ್ಳು, ಡಯಲು ಬೇರೆ ಬೇರೆ ಕಡೆ ಕೊಂಡವು, ಯಾವ ಕಂಪನಿಯದೂ ಅಲ್ಲ. ಆಕಾರ 1960ರ ದಶಕದ್ದು, ವಸ್ತು ಈ ವರ್ಷದ್ದು. ಚುಕ್ಕೆಗಳ ಬಣ್ಣ ಹಳತಾಗಿ ಬಂದದ್ದಲ್ಲ, ಹಾಗೆ ಕಾಣಲೆಂದು ಹಚ್ಚಿದ್ದು. ಬೆನ್ನ ಮೇಲೆ 200 ಮೀಟರ್ ಎಂದಿದೆ, ಜೋಡಿಸಿದ ಮೇಲೆ ಒತ್ತಡದ ಪರೀಕ್ಷೆ ಆಗಿಲ್ಲ.

ಮೂರನೆಯ ದಿನ ಮಂಗಳೂರಿನ ಕಡೆಯವರೊಬ್ಬರು ಫೋನು ಮಾಡಿದರು. ಬೆಲೆಯ ಬಗ್ಗೆ ಚೌಕಾಸಿ ಇರಲಿಲ್ಲ. “ಮುಂದಿನ ತಿಂಗಳು ಮುರುಡೇಶ್ವರದಿಂದ ನೇತ್ರಾಣಿಗೆ ಡೈವಿಂಗ್ ಹೋಗ್ಲಿಕ್ಕುಂಟು. ಇದನ್ನು ಕಟ್ಟಿಕೊಂಡು ಹೋಗ್ಬಹುದಾ ಮಾರಾಯ್ರೆ?” ಎಂದು ಕೇಳಿದರು. ಪರೀಕ್ಷೆ ಮಾಡಿಸದೆ ನೀರಿಗೆ ಇಳಿಸಬೇಡಿ ಸಾರ್ ಎಂದು ಗೆಳೆಯ ಹೇಳಿದ. ಹಾಗಾದರೆ ಪರೀಕ್ಷೆ ಎಲ್ಲಿ ಮಾಡುತ್ತಾರೆ, ಅದಕ್ಕೆಷ್ಟಾಗುತ್ತದೆ ಎಂದು ಅವರು ಕೇಳತೊಡಗಿದರು. ಗೆಳೆಯ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಪೆನ್ನು ಹುಡುಕಿದ.